ಬೇಸಿಗೆ ಶಿಬಿರದ ಆರ್ಕೆಸ್ಟ್ರಾ: ಕುರ್ಚಿಗಳ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ಶಿಬಿರ ಶುರುವಾಗಿ ಒಂಬತ್ತು ದಿನ ಆಯಿತು. ಈ ಒಂಬತ್ತು ದಿನದಲ್ಲಿ ನನ್ನ ಕೋಣೆಗೆ ಬಂದ ಪೋಷಕರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಮಗುವನ್ನು ಯಾಕೆ ಎರಡನೇ ವಯಲಿನ್‌ಗೆ ಹಾಕಿದ್ದೀರಿ?" ಕೆಲವರು ನಗುತ್ತಲೇ ಕೇಳಿದರು. ಇಬ್ಬರು ಪತ್ರ ಬರೆದರು. ಒಬ್ಬರು ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದರು. ಸಂಜೆ ಮತ್ತೆ ಅವರೇ ಫೋನ್ ಮಾಡಿ ಸಮಾಧಾನವಾಗಿ ಮಾತಾಡಿದರು. ಅದಕ್ಕೆ ಅವರಿಗೆ ಥ್ಯಾಂಕ್ಸ್. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಮೊದಲ ದಿನ ಬೆಳಿಗ್ಗೆ ಹಾಲ್ ಬಾಗಿಲಿಗೆ ಎರಡು ಪಟ್ಟಿ ಅಂಟಿಸಿದ್ದೆವು. ಒಂದರ ಮೇಲೆ 'ಮೊದಲನೇ ವಯಲಿನ್', ಇನ್ನೊಂದರ ಮೇಲೆ 'ಎರಡನೇ ವಯಲಿನ್'. ಕೆಳಗೆ ಒಂದು ಸಾಲಿನ ವಿವರಣೆಯೂ ಇರಲಿಲ್ಲ. ವರ್ಷವಿಡೀ ರ‍್ಯಾಂಕ್ ಪಟ್ಟಿ ನೋಡುವ ಮಕ್ಕಳು ಅದನ್ನು ರ‍್ಯಾಂಕ್ ಪಟ್ಟಿ ಅಂತಲೇ ಓದಿಕೊಂಡರು. ನೀವೂ ಹಾಗೇ ಓದಿದಿರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಹಾಗೇ ಓದುತ್ತಿದ್ದೆ. ಆ ಪಟ್ಟಿಗಳನ್ನು ಕಿತ್ತುಹಾಕಿದ್ದೇವೆ. ವಿಭಾಗಗಳು ಮಾತ್ರ ಇವೆ, ಇರುತ್ತವೆ.

ನಾನು ಸಂಗೀತ ಕಲಿತವಳಲ್ಲ. ಲೆಕ್ಕದ ಟೀಚರ್. ಅದಕ್ಕೇ ದೂರುಗಳು ಬಂದ ಮೇಲೆ ಮೂರು ದಿನ ಹಾಲ್‌ನ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ನೋಡಿದೆ. ಅಲ್ಲಿ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೇ ವಯಲಿನ್ ಮತ್ತು ಎರಡನೇ ವಯಲಿನ್ ಎರಡೂ ಒಂದೇ ವಾದ್ಯ, ಅದೇ ನಾಲ್ಕು ತಂತಿ. ನುಡಿಸುವ ಸಾಲು ಮಾತ್ರ ಬೇರೆ. ಸಾಮಾನ್ಯವಾಗಿ ಮೊದಲನೆಯವರ ಕೈಯಲ್ಲಿ ರಾಗ ಇರುತ್ತದೆ, ಅದು ಮೇಲಿನ ಸ್ವರಗಳಲ್ಲಿ ಓಡಾಡುತ್ತದೆ. ಎರಡನೆಯವರು ಅದರ ಕೆಳಗೆ ಜೊತೆಸ್ವರ ಕೊಡುತ್ತಾರೆ, ಲಯ ಹಿಡಿದಿರುತ್ತಾರೆ. ಶಿಬಿರದ ಮೇಷ್ಟ್ರು ಮೊನ್ನೆ ಒಂದು ಪ್ರಯೋಗ ಮಾಡಿದರು. ತುಣುಕಿನ ನಡುವೆ ಎರಡನೆಯವರಿಗೆ ನಿಲ್ಲಿಸಲು ಸನ್ನೆ ಮಾಡಿದರು. ಮೊದಲನೆಯವರು ನುಡಿಸುತ್ತಲೇ ಇದ್ದರು, ಆದರೆ ಏಳೆಂಟು ಬಾರ್ (ತಾಳದ ಒಂದೊಂದು ಸುತ್ತಿಗೆ ಬಾರ್ ಅನ್ನುತ್ತಾರೆ) ದಾಟುವಷ್ಟರಲ್ಲಿ ಓಡತೊಡಗಿದರು. ಒಬ್ಬೊಬ್ಬರದು ಒಂದೊಂದು ವೇಗ. ಆಮೇಲೆ ಮೊದಲನೆಯವರನ್ನು ನಿಲ್ಲಿಸಿ ಎರಡನೆಯವರನ್ನು ಮಾತ್ರ ನುಡಿಸಲು ಹೇಳಿದರು. ಫೋನಿನಲ್ಲಿ ಯಾರೋ ಮಾತಾಡುವಾಗ ಈ ಕಡೆಯವರ ಮಾತು ಮಾತ್ರ ಕೇಳಿಸುತ್ತದಲ್ಲ, ಹಾಗಿತ್ತು. ಮಕ್ಕಳು ನಕ್ಕರು. ಎರಡೂ ಸೇರಿದಾಗ ಯಾರೂ ನಗಲಿಲ್ಲ.

"ಆದರೂ ಮೊದಲನೆಯದು ಕಷ್ಟ ಅಲ್ವಾ? ಅಂದರೆ ಜಾಣರಿಗೆ ಅದು ಅಂತ ಆಯಿತಲ್ಲ?" ಈ ಪ್ರಶ್ನೆಯೂ ಬಂತು. ನ್ಯಾಯವಾದ ಪ್ರಶ್ನೆಯೇ. ಮೊದಲನೆಯ ಸಾಲಿನಲ್ಲಿ ಕೈ ಮೇಲಕ್ಕೆ ಜಾರಿಸಬೇಕಾದ ಜಾಗಗಳು ಜಾಸ್ತಿ, ನಿಜ. ಆದರೆ ಚೆನ್ನಾಗಿ ನುಡಿಸುವವರನ್ನೆಲ್ಲ ಒಂದೇ ಕಡೆ ಕೂರಿಸಿದರೆ ಇನ್ನೊಂದು ಕಡೆ ತಾಳ ಹಿಡಿಯುವವರೇ ಇರುವುದಿಲ್ಲ. ಎರಡನೆಯ ಸಾಲಿನಲ್ಲಿ ರಾಗದ ಆಸರೆ ಇಲ್ಲ. ಪಕ್ಕದವರು ಹಾಡಿನಂಥದ್ದನ್ನು ನುಡಿಸುತ್ತಿರುವಾಗ ನಮ್ಮದು ಬೇರೆಯೇ ಏನೋ. ಅದನ್ನು ಬಿಡದೆ ಹಿಡಿದುಕೊಂಡು ಹೋಗಲು ಕಿವಿ ಗಟ್ಟಿ ಇರಬೇಕು. ಅದಕ್ಕೇ ಮೂರು ನಾಲ್ಕು ವರ್ಷ ಕಲಿತ ಕೆಲವು ಮಕ್ಕಳನ್ನು ಬೇಕಂತಲೇ ಎರಡನೆಯದರಲ್ಲಿ ಕೂರಿಸಿದ್ದೇವೆ. "ಕಮಾನು ಹಿಡಿಯಲು ಈಗಷ್ಟೇ ಕಲಿತವಳ ಪಕ್ಕದಲ್ಲಿ ನಮ್ಮ ಮಗ" ಎಂದು ಒಂದು ಪತ್ರದಲ್ಲಿ ಬೇಸರದಿಂದ ಬರೆದಿದ್ದರು. ಅವನು ಅಲ್ಲಿ ಇರುವುದು ಅವಳಿಗಾಗಿಯೇ. ಅವನ ಕಮಾನು ಮೇಲೆ ಹೋದಾಗ ಅವಳದೂ ಮೇಲೆ, ಕೆಳಗೆ ಬಂದಾಗ ಅವಳದೂ ಕೆಳಗೆ. ಮೂರನೇ ದಿನ ನೋಡುವಷ್ಟರಲ್ಲಿ ಅವಳು ಅವನ ಕಡೆ ನೋಡುವುದನ್ನು ಬಿಟ್ಟಿದ್ದಳು.

ಅದೇ ಪತ್ರದಲ್ಲಿ ಇನ್ನೊಂದು ಮಾತಿತ್ತು: "ನಮ್ಮ ಮಗ ಅಲ್ಲಿ ಪುಟ ತಿರುವುವ ಕೆಲಸ ಮಾಡುತ್ತಾನೆ." ಹೌದು, ಮಾಡುತ್ತಾನೆ. ಸಂಗೀತದ ಹಾಳೆ ಇಡುವ ಒಂದು ಸ್ಟ್ಯಾಂಡಿಗೆ ಇಬ್ಬರು. ಪುಟ ಮುಗಿದಾಗ ಒಳಗಡೆ ಕೂತವರು ನುಡಿಸುವುದನ್ನು ನಿಲ್ಲಿಸಿ ತಿರುವುತ್ತಾರೆ, ಸಭಿಕರ ಕಡೆ ಕೂತವರು ನುಡಿಸುತ್ತಾ ಇರುತ್ತಾರೆ. ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳಲ್ಲೂ ಪದ್ಧತಿ ಇದೇ. ಸರಿಯಾದ ಕ್ಷಣಕ್ಕೆ, ಸದ್ದಿಲ್ಲದೆ, ಎರಡು ಪುಟ ಒಟ್ಟಿಗೆ ಬರದಂತೆ ತಿರುವುವುದು ಅಷ್ಟು ಸುಲಭ ಅಲ್ಲ. ನಾನೇ ಒಮ್ಮೆ ಪ್ರಯತ್ನಿಸಿ ಸ್ಟ್ಯಾಂಡ್ ಬೀಳಿಸಿದೆ.

ಇನ್ನು ಹಿಂದಿನ ಸಾಲಿನ ತಾಳವಾದ್ಯದ ಮಕ್ಕಳು. ಸಿಂಬಲ್, ಅಂದರೆ ಒಂದಕ್ಕೊಂದು ಬಡಿಯುವ ದೊಡ್ಡ ಲೋಹದ ತಟ್ಟೆಗಳು, ಹಿಡಿದ ಹುಡುಗನ ತಾಯಿ ಬಾಗಿಲ ಸಂದಿಯಿಂದ ಅರ್ಧ ಗಂಟೆ ನೋಡಿ ನನ್ನ ಹತ್ತಿರ ಬಂದರು. "ಮೇಡಂ, ಅವನು ಏನೂ ಮಾಡ್ತಾನೇ ಇಲ್ಲ" ಅಂದರು. ಹತ್ತಿರ ಹೋಗಿ ಅವನ ತುಟಿ ನೋಡಿ. ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು, ಮೂರು ಎರಡು ಮೂರು ನಾಲ್ಕು. ಮೊದಲ ಅಂಕೆ ಎಷ್ಟನೇ ಬಾರ್ ಅಂತ ಹೇಳುತ್ತದೆ, ಉಳಿದದ್ದು ಅದರೊಳಗಿನ ಪೆಟ್ಟು. ಹೀಗೆ ನಲವತ್ತು ಬಾರ್ ಎಣಿಸಿ, ನಲವತ್ತೊಂದರ ಮೊದಲ ಪೆಟ್ಟಿಗೆ ಹೊಡೆಯಬೇಕು. ಒಂದು ಪೆಟ್ಟು ಮುಂಚೆ ಹೊಡೆದರೂ ಇಡೀ ಹಾಲ್‌ಗೆ ಗೊತ್ತಾಗುತ್ತದೆ. ವಯಲಿನ್‌ನವರ ಒಂದು ತಪ್ಪು ಹತ್ತು ಮಂದಿಯ ಸದ್ದಿನಲ್ಲಿ ಮುಚ್ಚಿಹೋಗಬಹುದು, ಇವನದು ಮುಚ್ಚಿಹೋಗುವುದಿಲ್ಲ. ಚೆಕ್ ಸಂಗೀತಗಾರ ಡ್ವೋರ್ಝಾಕ್ ಅವರ ಒಂಬತ್ತನೇ ಸಿಂಫನಿ 1893ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ಸಲ ನುಡಿಸಲ್ಪಟ್ಟದ್ದು. ಸುಮಾರು ನಲವತ್ತು ನಿಮಿಷದ ಕೃತಿ. ಅದರಲ್ಲಿ ಸಿಂಬಲ್‌ಗೆ ಇರುವುದು ಒಂದೇ ಒಂದು ಪೆಟ್ಟು, ಕೊನೆಯ ಭಾಗದಲ್ಲಿ. ಅದೂ ಜೋರಾಗಿ ಅಲ್ಲ. ಮೇಷ್ಟ್ರು ಇದನ್ನು ಹೇಳಿದ ದಿನದಿಂದ ನಮ್ಮ ಹುಡುಗ ಸಿಂಬಲ್‌ಗಳನ್ನು ಸ್ವಲ್ಪ ಗತ್ತಿನಿಂದಲೇ ಹಿಡಿಯುತ್ತಿದ್ದಾನೆ. ಲೆಕ್ಕದ ಟೀಚರ್ ಆಗಿ ನನಗೆ ಇಡೀ ಶಿಬಿರದಲ್ಲಿ ಹೆಚ್ಚು ಇಷ್ಟವಾದದ್ದು ಆ ಹಿಂದಿನ ಸಾಲು.

"ಒಬ್ಬೊಬ್ಬರೇ ಚೆನ್ನಾಗಿ ಕಲಿತ ಮೇಲೆ ಗುಂಪಿಗೆ ಸೇರಿಸಬಹುದಿತ್ತು" ಎಂಬ ಮಾತೂ ಬಂದಿದೆ. ಹಾಗೆ ಕಲಿಸುವವರೂ ಇದ್ದಾರೆ. ಆದರೆ ವೆನೆಜುವೆಲಾದಲ್ಲಿ ಹೊಸೆ ಆಂಟೊನಿಯೊ ಅಬ್ರೆಯು 1975ರಲ್ಲಿ ಶುರು ಮಾಡಿದ ಎಲ್ ಸಿಸ್ಟೆಮಾ ಎಂಬ ಸಂಗೀತ ಕಲಿಕೆಯ ಯೋಜನೆಯಲ್ಲಿ ಮಕ್ಕಳು ಗುಂಪಿನಲ್ಲಿ ಕೂತೇ ವಾದ್ಯ ಕಲಿಯುತ್ತಾರೆ. ನಾವು ಹಿಡಿದಿರುವುದು ಆ ದಾರಿ. ನಮ್ಮದು ಮೂರು ವಾರದ ಪುಟ್ಟ ಶಿಬಿರ, ಹೋಲಿಕೆ ಮಾಡುತ್ತಿಲ್ಲ.

ಈಗ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದ ವಿಷಯ. ಮೂರು ನಾಲ್ಕು ಮನೆಗಳಲ್ಲಿ ಮೊದಲನೇ ವಯಲಿನ್‌ನ ಹಾಳೆ ತರಿಸಿಕೊಂಡು ಸಂಜೆ ಬೇರೆ ಕಡೆ ಪಾಠ ಹೇಳಿಸುತ್ತಿದ್ದೀರಿ. ಪ್ರೀತಿಯಿಂದಲೇ ಮಾಡಿದ್ದೀರಿ, ಅನುಮಾನವಿಲ್ಲ. ಆದರೆ ಬೆಳಿಗ್ಗೆ ಆ ಮಕ್ಕಳು ಎರಡನೆಯ ಸಾಲಿನಲ್ಲಿ ಕೂತು, ರಾಗ ಬಂದ ಕೂಡಲೇ ತಮಗೇ ಗೊತ್ತಿಲ್ಲದ ಹಾಗೆ ಮೊದಲನೆಯವರದ್ದನ್ನು ನುಡಿಸತೊಡಗುತ್ತಾರೆ. ಪಕ್ಕದ ಮಗು ಗಲಿಬಿಲಿಯಾಗಿ ಕಮಾನು ಕೆಳಗಿಡುತ್ತದೆ. ಸೋಮವಾರ ಒಂದೇ ಪುಟಕ್ಕೆ ಮುಕ್ಕಾಲು ಗಂಟೆ ಹೋಯಿತು. ಇದು ನಿಲ್ಲಬೇಕು.

ಹೊಸ ನಿಯಮ ಏನೆಂದರೆ, ನಾಳೆಯಿಂದ ಮೂರು ದಿನಕ್ಕೊಮ್ಮೆ ಕುರ್ಚಿ ಬದಲಾಗುತ್ತದೆ. ಮುಂದಿನವರು ಹಿಂದಕ್ಕೆ, ಒಳಗಿನವರು ಹೊರಗೆ, ಕೆಲವರು ಮೊದಲನೆಯದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೊದಲನೆಯದಕ್ಕೆ. ಕೊನೆಯ ನಾಲ್ಕು ದಿನ ಬದಲಾವಣೆ ಇರುವುದಿಲ್ಲ, ಯಾಕೆಂದರೆ ಕಾರ್ಯಕ್ರಮಕ್ಕೆ ಕೈ ಕೂಡಿಬರಬೇಕು. ಆಗ ಯಾರು ಎಲ್ಲಿ ಎಂಬುದನ್ನು ಮೇಷ್ಟ್ರು ತೀರ್ಮಾನಿಸುತ್ತಾರೆ. ನಾನಲ್ಲ. ಆ ಬಗ್ಗೆ ನನ್ನ ಹತ್ತಿರ ಬಂದರೆ ಕೂರಿಸಿ ಮಾತಾಡಿಸುತ್ತೇನೆ, ಆದರೆ ಕುರ್ಚಿ ಬದಲಾಗುವುದಿಲ್ಲ. ಒಬ್ಬರೇ ನುಡಿಸುವ ಅವಕಾಶ ಈ ಸಲ ಯಾರಿಗೂ ಇಲ್ಲ. ಇದರಿಂದ ಕೆಲವರಿಗೆ ಬೇಸರವಾಗುತ್ತದೆ, ಗೊತ್ತು. ವರ್ಷಗಟ್ಟಲೆ ಪಾಠಕ್ಕೆ ಕರೆದುಕೊಂಡು ಹೋಗಿ, ಬಾಗಿಲ ಹೊರಗೆ ಕಾದು ಕೂತವರು ನೀವು. ನಿಮ್ಮ ಮಗುವಿನ ವಾದ್ಯವೊಂದನ್ನೇ ಕೇಳಬೇಕು ಅನ್ನಿಸುವುದು ಸಹಜ. ಅದಕ್ಕೆ ಬೇರೆ ವೇದಿಕೆ ಬೇರೆ ದಿನ ಸಿಗುತ್ತದೆ.

ನಿಮ್ಮಿಂದ ಕೇಳುವುದು ಇಷ್ಟೇ: ಮಗು ಮನೆಗೆ ಬಂದ ಕೂಡಲೇ "ಇವತ್ತು ಯಾವ ಕುರ್ಚಿ ಸಿಕ್ತು?" ಅಂತ ಕೇಳಬೇಡಿ.

ಉಳಿದ ಸಣ್ಣಪುಟ್ಟ ವಿಷಯಗಳು. ಕ್ಲಾರಿನೆಟ್ ಹಾಳೆಯಲ್ಲಿ ತಪ್ಪು ಅಚ್ಚಾಗಿದೆ ಎಂದು ಒಬ್ಬರು ಹೇಳಿದರು. ಮನೆಯಲ್ಲಿ ಅಕ್ಕ ಅದೇ ಹಾಳೆ ನೋಡಿ ಕೀಬೋರ್ಡ್ ನುಡಿಸಿದರೆ ತಮ್ಮನ ಕ್ಲಾರಿನೆಟ್‌ಗೆ ಹೊಂದಲಿಲ್ಲವಂತೆ. ಹಾಳೆ ಸರಿ ಇದೆ. ನಮ್ಮಲ್ಲಿರುವ ಕ್ಲಾರಿನೆಟ್‌ನಲ್ಲಿ ಸಿ ಎಂದು ಬರೆದದ್ದನ್ನು ಊದಿದರೆ ಕೇಳುವುದು ಅದಕ್ಕಿಂತ ಸ್ವಲ್ಪ ಕೆಳಗಿನ ಬಿ ಫ್ಲಾಟ್ ಸ್ವರ, ವಾದ್ಯವೇ ಹಾಗೆ. ಅಕ್ಕ ತಮ್ಮ ಜಗಳ ನಿಲ್ಲಿಸಬಹುದು. ಮುಂದಿನ ಹಲ್ಲು ಬಿದ್ದಿರುವ ಟ್ರಂಪೆಟ್ ಹುಡುಗಿಯನ್ನು ಸದ್ಯಕ್ಕೆ ತಾಳವಾದ್ಯಕ್ಕೆ ಕಳಿಸಿದ್ದೇವೆ. ಅವಳಿಗೆ ಅಲ್ಲಿ ಖುಷಿಯಾಗಿದೆ, ಹಲ್ಲು ಬಂದ ಮೇಲೂ ವಾಪಸ್ ಬರುವ ಹಾಗೆ ಕಾಣುತ್ತಿಲ್ಲ.

"ಮುಂದಿನ ವರ್ಷಕ್ಕೂ ಆಗುತ್ತದೆ" ಎಂದು ದೊಡ್ಡ ಅಳತೆಯ ವಯಲಿನ್ ಕಳಿಸಬೇಡಿ. ಚಪ್ಪಲಿ ಸ್ವಲ್ಪ ದೊಡ್ಡದಾದರೆ ನಡೆಯುತ್ತದೆ, ವಯಲಿನ್ ನಡೆಯುವುದಿಲ್ಲ. ಮಗುವಿನ ಎಡಗೈ ಎಳೆದ ಹಾಗಾಗಿ ಬೆರಳು ಜಾಗಕ್ಕೆ ಸಿಗುವುದಿಲ್ಲ, ಭುಜ ನೋಯುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ವಾದ್ಯ ಬಿಡಬೇಡಿ, ಶಾಖಕ್ಕೆ ಅಂಟು ಬಿಟ್ಟುಕೊಂಡು ಮರ ಬಾಯ್ದೆರೆಯುತ್ತದೆ. ಎಡಗೈ ಉಗುರು ಕತ್ತರಿಸಿ. ಪೆನ್ ಬೇಡ, ಪೆನ್ಸಿಲ್ ಕೊಡಿ. ಕಮಾನಿನ ಗುರುತುಗಳು ದಿನಾ ಬದಲಾಗುತ್ತವೆ, ಅಳಿಸಬೇಕಾಗುತ್ತದೆ.

ಕೊನೆಯ ದಿನ ಸ್ವಲ್ಪ ಬೇಗ ಬಂದು ಕೂರಿ. ನುಡಿಸುವ ಮುಂಚೆ ಓಬೊ ಎಂಬ ಊದುವ ವಾದ್ಯದ ಹುಡುಗಿ ಒಬ್ಬಳೇ 'ಎ' ಸ್ವರವನ್ನು ಉದ್ದಕ್ಕೆ ಹಿಡಿಯುತ್ತಾಳೆ. ಆಮೇಲೆ ಎಲ್ಲರೂ ಅದಕ್ಕೆ ಶ್ರುತಿ ಸೇರಿಸಿಕೊಳ್ಳುತ್ತಾರೆ. ಮೊದಲ ದಿನ ಅದಕ್ಕೇ ಇಪ್ಪತ್ತು ನಿಮಿಷ ಹಿಡಿದಿತ್ತು, ನನಗೆ ತಲೆನೋವೂ ಬಂದಿತ್ತು. ಈಗ ಎರಡೇ ನಿಮಿಷ. ಆ ಎರಡು ನಿಮಿಷ ತಪ್ಪಿಸಿಕೊಳ್ಳಬೇಡಿ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ರಬ್ಬರ್ ಬ್ಯಾಂಡ್ ಸುತ್ತಿದ ಹಳದಿ ಸ್ಪಂಜಿನ ತುಂಡೊಂದು ನನ್ನ ಮೇಜಿನ ಮೇಲಿದೆ. ಯಾವುದೋ ಪುಟ್ಟ ವಯಲಿನ್‌ನ ಭುಜದ ದಿಂಬು. ಬೋರ್ಡ್ ಒರೆಸುವುದು ಅಂತ ಯಾರೋ ಎಸೆಯುವುದರಲ್ಲಿದ್ದರು. ಯಾರದೋ ಅವರು ಬಂದು ತೆಗೆದುಕೊಂಡು ಹೋಗಿ.