ತಿಪಟೂರಿನವರಿಗೆ ಇಷ್ಟು ಹೇಳಿ, ಅಪ್ಪ

ಕೊಬ್ಲೆಂಜ್, ಜರ್ಮನಿ, ಭಾನುವಾರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮ, ಅಜ್ಜಿ, ಪುಟ್ಟಿ ಎಲ್ಲರ ಕ್ಷೇಮಕ್ಕೆ ಬರೆಸಿ. ಮಳೆ ಜೋರಂತೆ, ಶುಂಠಿಗೆ ಕೊಳೆರೋಗ ಬರದಿದ್ದರೆ ಸಾಕು.

ಪುಟ್ಟಿ ಬರೆದ ಉದ್ದನೆಯ ಪತ್ರ ಓದಿದೆ. ಹೆಣ್ಣಿನ ಕಡೆಯ ತಿಪಟೂರಿನವರು ನಾನು ಹೆಲ್ಮೆಟ್ ಹಾಕಿಕೊಂಡಿರುವ ಫೋಟೋ ನೋಡಿ "ಹುಡುಗನಿಗೆ ರೇಸಿನ ಹುಚ್ಚಂತೆ, ಸ್ವಲ್ಪ ಯೋಚನೆ ಮಾಡಿ ಹೇಳ್ತೀವಿ" ಅಂದರಂತೆ. ಅದರ ಮೇಲೆ ಅರಸೀಕೆರೆ ಚಿಕ್ಕಪ್ಪ ಕಾರು ಹೊತ್ತಿ ಉರಿಯುವ ವಿಡಿಯೋ ತಂದು ಅಮ್ಮನಿಗೆ ತೋರಿಸಿದ್ದಾರೆ. ಅಮ್ಮ ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲವಂತೆ, ನಿಶ್ಚಿತಾರ್ಥಕ್ಕೆ ಮುಂಚೆ ಕಾರು ಮಾರಿಸಿ ಅಂತ ನಿಮ್ಮ ಹಿಂದೆ ಬಿದ್ದಿದ್ದಾರಂತೆ. ಫೋನಿನಲ್ಲಿ ಹೇಳಲು ಹೋದರೆ ಅಮ್ಮ ಅಳುತ್ತಾರೆ, ನೀವು "ಆಯ್ತು ಬಿಡಪ್ಪ" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಶಿರಾಡಿಯಲ್ಲಿ ರಾತ್ರಿ ಬಸ್ಸು ಇಳಿಸಿದವರು ನೀವು. ನಿಮಗೆ ಅರ್ಥವಾದರೆ ಅಮ್ಮನಿಗೂ ತಿಪಟೂರಿನವರಿಗೂ ನೀವೇ ತಿಳಿಸಿ ಹೇಳುತ್ತೀರಿ.

ಮೊದಲನೆಯ ಮಾತು, ನಾನು ರೇಸಿಗೆ ಹೋಗುವುದಿಲ್ಲ. ಹಿಂದೆ ಹೋಗಿಲ್ಲ, ಮುಂದೆಯೂ ಹೋಗುವುದಿಲ್ಲ. ನಾನು ಹೋಗುವ ಜಾಗ ನ್ಯೂರ್‌ಬುರ್ಗ್‌ರಿಂಗ್. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ, ಐಫೆಲ್ ಬೆಟ್ಟದ ಕಾಡಿನೊಳಗೆ. 1927ರಲ್ಲಿ ಕಟ್ಟಿದ ಟ್ರ್ಯಾಕು. ಅದರ ಉತ್ತರದ ಸುತ್ತು, ನಾರ್ಡ್‌ಶ್ಲೈಫೆ ಅನ್ನುತ್ತಾರೆ, ಒಂದು ಸುತ್ತು ಹಾಕಿದರೆ 20.8 ಕಿಲೋಮೀಟರ್. ರೇಸು ಇಲ್ಲದ ದಿನಗಳಲ್ಲಿ ಅದು ಟೋಲ್ ರಸ್ತೆ. ಸುತ್ತಿಗೆ 30 ಯೂರೋದ ಮೇಲಾಗುತ್ತದೆ, ದುಡ್ಡು ಕಟ್ಟಿದರೆ ಗೇಟು ತೆರೆಯುತ್ತದೆ. ಯಾರ ಕಾರಾದರೂ ಸರಿ. 2024ರವರೆಗೆ ಬೈಕನ್ನೂ ಬಿಡುತ್ತಿದ್ದರು. ಗಡಿಯಾರ ಹಿಡಿದು ಎಷ್ಟು ನಿಮಿಷವಾಯಿತು ಅಂತ ಅಳೆಯುವ ಹಾಗಿಲ್ಲ, ಪೈಪೋಟಿಗೆ ಬೀಳುವ ಹಾಗಿಲ್ಲ. ಬಲಕ್ಕೆ ಇರಬೇಕು, ಹಿಂದಿನವರಿಗೆ ಎಡಗಡೆಯಿಂದ ದಾರಿ ಬಿಡಬೇಕು. ಫೋಟೋದಲ್ಲಿ ನಾನು ಹೆಲ್ಮೆಟ್ ಹಾಕಿದ್ದು ತರಬೇತಿಯ ದಿನ. ಅವತ್ತು ಪಕ್ಕದ ಸೀಟಿನಲ್ಲಿ ಕಲಿಸುವವರು ಕೂತಿರುತ್ತಾರೆ, ಹೆಲ್ಮೆಟ್ ಕಡ್ಡಾಯ. ನಿಯಮ ಪಾಲಿಸಿದ್ದಕ್ಕೆ ಸಂಬಂಧ ತಪ್ಪಿದರೆ ಹೇಗಪ್ಪ?

ಈಗ ಕಾರಿನ ವಿಷಯ. "ರೇಸ್ ಕಾರು" ಅಂತ ಚಿಕ್ಕಪ್ಪ ಊರೆಲ್ಲ ಹೇಳಿದ್ದಾರಲ್ಲ, ಅದು ನಾಲ್ಕು ಬಾಗಿಲಿನ ಮನೆ ಕಾರು. ಬಿಎಂಡಬ್ಲ್ಯು ಎಂ3, ಇ90 ಅನ್ನುವ ಹಳೆಯ ಮಾದರಿ, 2008ರಿಂದ 2011ರವರೆಗೆ ಬಂದದ್ದು. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡು, ಸಾಲ ಮಾಡದೆ. ವಾರವೆಲ್ಲ ಆಫೀಸಿಗೆ ಅದೇ, ಶನಿವಾರ ಶ್ರೀಲಂಕಾ ತಮಿಳರ ಅಂಗಡಿಯಿಂದ ಸೋನಾ ಮಸೂರಿ, ರಾಗಿಹಿಟ್ಟು, ಕರಿಬೇವು ತರುವುದೂ ಅದರಲ್ಲೇ. ಅಮ್ಮ ಬಂದರೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದು. ಆದರೆ ಬಾನೆಟ್ ಒಳಗೆ 4 ಲೀಟರಿನ ವಿ8 ಎಂಜಿನ್ನು ಇದೆ, ಟರ್ಬೊ ಇಲ್ಲ. 420 ಅಶ್ವಶಕ್ತಿ, ಅದು ಪೂರ್ತಿ ಸಿಗುವುದು ಎಂಜಿನ್ನು ನಿಮಿಷಕ್ಕೆ 8,300 ಸುತ್ತು ತಿರುಗಿದಾಗ. ನಿಮ್ಮ ಡೀಸೆಲ್ ಬಸ್ಸು ಎರಡೂವರೆ ಸಾವಿರಕ್ಕೇ ಏದುಸಿರು ಬಿಡುತ್ತಿತ್ತಲ್ಲ, ಇದು ಅದರ ಮೂರರಷ್ಟು ತಿರುಗಿಯೂ ಇನ್ನೂ ಬೇಕು ಅನ್ನುತ್ತದೆ.

ತೊಂದರೆ ಇರುವುದೂ ಅಲ್ಲೇ. ಈ ಕಾರು ಎರಡನೇ ಗೇರಿನಲ್ಲೇ ಗಂಟೆಗೆ 100 ದಾಟುತ್ತದೆ. ಇಲ್ಲಿ ಊರೊಳಗೆ 50, ಊರಾಚೆ ರಸ್ತೆಗೆ 100 ಮಿತಿ. ಇನ್ನು ನಾಲ್ಕು ಗೇರು ಎಲ್ಲಿ ಹಾಕುವುದು? ಆಟೋಬಾನ್ ಅನ್ನುವ ಇಲ್ಲಿನ ಹೆದ್ದಾರಿಯಲ್ಲಿ ಕೆಲವು ಕಡೆ ಮಿತಿಯೇ ಇಲ್ಲ, ನಿಜ. ಅಲ್ಲಿ 130ರಲ್ಲಿ ಹೋಗಿ ಅಂತ ಸಲಹೆ ಮಾತ್ರ. ಆದರೆ ಅದು ನೇರ ರಸ್ತೆ, ಪಕ್ಕದಲ್ಲಿ ಲಾರಿ, ಕಾರವಾನು, ಮಕ್ಕಳನ್ನು ಕೂರಿಸಿಕೊಂಡು ರಜೆಗೆ ಹೊರಟ ಜನ. ಕಾಲು ಒತ್ತಿ ಹಿಡಿಯುವುದರಲ್ಲಿ ಕಲಿಯುವುದೇನೂ ಇಲ್ಲ. ಹೀಗಾಗಿ ಇಂಥ ಕಾರು ಇಟ್ಟುಕೊಂಡವರಲ್ಲಿ ಬಹಳ ಜನ ಅದರ ಅರ್ಧ ಶಕ್ತಿಯನ್ನೂ ನೋಡದೆ ಮಾರಿಬಿಡುತ್ತಾರೆ. ಟ್ರ್ಯಾಕಿಗೆ ತಂದವನಿಗೆ ಮಾತ್ರ ತನ್ನ ಮನೆ ಮುಂದೆ ನಿಂತಿದ್ದದ್ದು ಏನು ಅಂತ ಗೊತ್ತಾಗುತ್ತದೆ. ಎದುರು ಗಾಡಿ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಸ್ಕೂಟರಿನವರು ಸಂದಿಯಿಂದ ನುಗ್ಗುವುದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ.

ಅಲ್ಲಿ ಮೊದಲು ಕಲಿಸುವುದು ಬ್ರೇಕು. ಸ್ಟೇರಿಂಗ್ ನೇರ ಇರುವಾಗಲೇ ಒತ್ತಬೇಕು. ಒತ್ತಿದಾಗ ಕಾರಿನ ಭಾರ ಮುಂದಿನ ಟೈರಿಗೆ ಬೀಳುತ್ತದೆ, ಆ ಭಾರ ಇದ್ದಾಗಲೇ ಮುಂದಿನ ಚಕ್ರ ರಸ್ತೆ ಕಚ್ಚಿ ತಿರುಗುತ್ತದೆ. ತಟಕ್ಕನೆ ಬಿಟ್ಟರೆ ಭಾರ ಹಿಂದಕ್ಕೆ ಹೋಗಿ ಮೂತಿ ಹೊರಕ್ಕೆ ಜಾರುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಲರೇಟರ್ ಬಿಟ್ಟರೆ ಹಿಂದಿನ ಟೈರು ಹಗುರಾಗಿ ಹಿಂಭಾಗ ಸುತ್ತುತ್ತದೆ. ಆದ್ದರಿಂದ ಬ್ರೇಕನ್ನು ಬಿಡುವುದೂ ಒಂದು ಕೆಲಸ, ನಿಧಾನವಾಗಿ ಕಾಲೆತ್ತಬೇಕು. ಇದೆಲ್ಲ ಆಫೀಸಿಗೆ ಹೋಗಿ ಬರುವ ಕಾರಿನಲ್ಲಿ, ಸೀಟಿನ ಮೂಲಕ ಬೆನ್ನಿಗೆ ಗೊತ್ತಾಗುತ್ತದೆ. ಕಲಿಸುವವರು ಮತ್ತೆ ಮತ್ತೆ ಹೇಳಿದ್ದು, "ಮುಂದಿನ ರಸ್ತೆ ನೋಡಬೇಡ, ತಿರುವಿನ ಆಚೆ ನೋಡು." ಹಾಸನದ ಸ್ಕೂಲ್ ಮೈದಾನದಲ್ಲಿ ನೀವು ನನಗೆ ಹೇಳಿದ್ದೂ ಇದನ್ನೇ.

ಬ್ರೇಕಿನ ಇನ್ನೊಂದು ಮಾತು ನಿಮಗೆ ಹಿಡಿಸುತ್ತದೆ. ನಿಮ್ಮದು ಏರ್ ಬ್ರೇಕು, ನನ್ನದು ಆಯಿಲ್ ಬ್ರೇಕು. ಆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಾಗಿದ್ದರೆ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಸೇರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಕುದಿದರೆ ಒಳಗೆ ಗುಳ್ಳೆ, ಪೆಡಲು ಮೆತ್ತಗೆ ಕೆಳಕ್ಕೆ ಹೋಗುತ್ತದೆ. 1,600 ಕಿಲೋ ಹತ್ತಿರದ ಕಾರನ್ನು ತಿರುವು ತಿರುವಿಗೂ ಹಿಡಿದು ನಿಲ್ಲಿಸಬೇಕಲ್ಲ. ಹಾಗಾಗಿ ಹೋಗುವ ಮುಂಚೆ ಆಯಿಲ್ ಹೊಸದು ಹಾಕಿಸುತ್ತೇನೆ, ಪ್ಯಾಡು ನೋಡುತ್ತೇನೆ, ಚಕ್ರದ ಬೋಲ್ಟು ಅಳತೆಯ ಸ್ಪ್ಯಾನರಿನಲ್ಲಿ ಬಿಗಿ ಮಾಡುತ್ತೇನೆ. ಬಿಸಿಗೆ ಗಾಳಿ ಏರುತ್ತದೆ ಅಂತ ಟೈರಿನ ಗಾಳಿ ಬೆಳಿಗ್ಗೆಯೇ ಸ್ವಲ್ಪ ಇಳಿಸುತ್ತೇನೆ. ಸುತ್ತು ಮುಗಿದ ಮೇಲೆ ನಿಧಾನವಾಗಿ ಓಡಿಸಿ ತಣ್ಣಗೆ ಮಾಡುತ್ತೇನೆ, ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡುತ್ತೇನೆ. ಗುಂಡ್ಯದಲ್ಲಿ ಬಸ್ಸು ನಿಲ್ಲಿಸಿ, ಕೆಳಗಿಳಿದು, ಚಕ್ರದ ಹತ್ತಿರ ಮೂಗು ಹಿಡಿದು ಬ್ರೇಕ್ ಲೈನರ್ ವಾಸನೆ ನೋಡುತ್ತಿದ್ದಿರಲ್ಲ, ನಾನು ಪಾರ್ಕಿಂಗಿನಲ್ಲಿ ಹಾಗೇ ಮಾಡುತ್ತೇನೆ, ಅಕ್ಕಪಕ್ಕದವರೂ ಹಾಗೇ ಮಾಡುತ್ತಾರೆ. ಕೆಲಸ ಮುಗಿಸಿ ಬಂದ ಎಂಜಿನಿಯರು, ಬೇಕರಿಯವರು, ನಿವೃತ್ತ ಮೇಷ್ಟ್ರು, ಎಲ್ಲರೂ ಬಾನೆಟ್ ತೆಗೆದು ನಿಂತಿರುತ್ತಾರೆ. ಗುರುತಿಲ್ಲದವರೂ ಬಂದು "ಟೈರು ಹೊರ ಅಂಚಿನಲ್ಲಿ ತಿಂದಿದೆ ನೋಡು" ಅಂತ ಹೇಳಿ ಹೋಗುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಷ್ಟು ವರ್ಷಕ್ಕೆ ಯಾರೂ ತಾವಾಗಿ ಮಾತಾಡಿಸಿಲ್ಲ.

ಆ ಸುತ್ತನ್ನು ನಿಮಗೊಮ್ಮೆ ತೋರಿಸಬೇಕು. ಬ್ರೈಡ್‌ಶೈಡ್ ಅನ್ನುವ ತಗ್ಗಿನಿಂದ ಹೋಹೆ ಆಖ್ಟ್ ಕಡೆಗೆ ಏರುತ್ತದೆ, ಒಟ್ಟು 300 ಮೀಟರ್ ಏರಿಳಿತ. ಒಂದು ಕಡೆ ಒಣಗಿರುತ್ತದೆ, ಕಾಡಿನ ಇನ್ನೊಂದು ಬದಿಯಲ್ಲಿ ಮಳೆ. ಕರುಸೆಲ್ ಅನ್ನುವ ಎಡ ತಿರುವಿನಲ್ಲಿ ಒಳಬದಿಗೆ ಓರೆಯಾಗಿ ಕಾಂಕ್ರೀಟ್ ಹಾಕಿದ್ದಾರೆ, ಕಾರು ಅದರೊಳಗೆ ಇಳಿದು ಗಡಗಡ ಅಂತ ಸುತ್ತಿ ಹೊರಗೆ ಬರುತ್ತದೆ. ಬ್ರ್ಯುನ್‌ಶನ್ ತಿರುವಿನ ಹತ್ತಿರ ಅಜ್ಜ ಅಜ್ಜಿಯರು ಮಡಿಚುವ ಕುರ್ಚಿ, ಫ್ಲಾಸ್ಕು ತಂದು ನೋಡುತ್ತಾ ಕೂರುತ್ತಾರೆ. ಭಾನುವಾರ ಡ್ರಿಲ್ಲಿಂಗ್ ಮಿಷನ್ ಶಬ್ದ ಕೇಳಿದರೂ ದೂರು ಕೊಡುವ ದೇಶದಲ್ಲಿ ಭಾನುವಾರವೇ ಇಷ್ಟು ಎಂಜಿನ್ನಿನ ಸದ್ದಿಗೆ ಜಾಗ ಇಟ್ಟಿದ್ದಾರೆ, ನನಗೆ ಅದು ಬಹಳ ಮೆಚ್ಚುಗೆ.

ತಿಪಟೂರಿನ ಹುಡುಗಿಗೆ ಸಬೀನ್ ಶ್ಮಿಟ್ಸ್ ಬಗ್ಗೆ ಹೇಳಿ. ಈ ಟ್ರ್ಯಾಕಿನ ಪಕ್ಕದ ಊರಿನಲ್ಲೇ ಬೆಳೆದ ಹೆಣ್ಣುಮಗಳು. 1996, 1997ರಲ್ಲಿ ಇಲ್ಲಿನ 24 ಗಂಟೆ ರೇಸು ಗೆದ್ದ ತಂಡದಲ್ಲಿದ್ದರು. ಬಿಎಂಡಬ್ಲ್ಯು ಎಂ5 ಕಾರಿನಲ್ಲಿ, ಅದೂ ನಾಲ್ಕು ಬಾಗಿಲಿನದೇ, ಜನರನ್ನು ಕೂರಿಸಿಕೊಂಡು ಸುತ್ತು ಹೊಡೆಸುತ್ತಿದ್ದರು. ಒಂದು ಟೀವಿ ಕಾರ್ಯಕ್ರಮಕ್ಕೆ ಸಾಮಾನು ಸಾಗಿಸುವ ಡೀಸೆಲ್ ವ್ಯಾನಿನಲ್ಲಿ 10 ನಿಮಿಷ 8 ಸೆಕೆಂಡಿಗೆ ಸುತ್ತು ಮುಗಿಸಿದರು. ಅಷ್ಟು ಹೊತ್ತಿನಲ್ಲಿ ಮುಗಿಸಲು ಎಂ3 ಇದ್ದರೂ ಹೊಸಬರು ಪರದಾಡುತ್ತಾರೆ. 2021ರಲ್ಲಿ ತೀರಿಕೊಂಡರು, ಈಗ ಮೊದಲ ತಿರುವಿಗೆ ಅವರ ಹೆಸರಿದೆ. ಗಾಡಿಗಿಂತ ಓಡಿಸುವವರ ಕೈ ದೊಡ್ಡದು ಅಂತ ನೀವು ಡಿಪೋದಲ್ಲಿ ಹೊಸ ಡ್ರೈವರುಗಳಿಗೆ ಹೇಳುತ್ತಿದ್ದಿರಿ, ಆ ವ್ಯಾನು ನೋಡಿದ್ದರೆ ಖುಷಿಪಡುತ್ತಿದ್ದಿರಿ.

ಚಿಕ್ಕಪ್ಪ ತೋರಿಸಿದ ಬೆಂಕಿಯ ವಿಡಿಯೋ 1976ರದು. ರೇಸ್ ಡ್ರೈವರ್ ನಿಕಿ ಲೌಡಾ ಅವರದು, ಇದೇ ಟ್ರ್ಯಾಕಿನ ಫಾರ್ಮುಲಾ ಒನ್ ರೇಸಿನಲ್ಲಿ. ಆಮೇಲೆ ಆ ಉದ್ದ ಸುತ್ತಿನಲ್ಲಿ ಫಾರ್ಮುಲಾ ಒನ್ ನಡೆಸಲೇ ಇಲ್ಲ. ಅವರು ಆರು ವಾರದಲ್ಲಿ ಮತ್ತೆ ರೇಸಿಗೆ ಬಂದು 70 ವಯಸ್ಸಿನವರೆಗೆ ಬದುಕಿದರು, ಇದನ್ನು ಅಮ್ಮನಿಗೆ ತಪ್ಪದೆ ಹೇಳಿ. ಅಪಾಯವೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಈಗಲೂ ಅಲ್ಲಿ ಕಾರು ಗುದ್ದುತ್ತವೆ. ತಡೆಬೇಲಿಗೆ ಗುದ್ದಿದರೆ ಅದರ ದುಡ್ಡನ್ನೂ ನಾವೇ ಕಟ್ಟಬೇಕು, ಮಾಮೂಲಿ ವಿಮೆ ಎಲ್ಲದಕ್ಕೂ ಬರುವುದಿಲ್ಲ. ಅದಕ್ಕೇ ನಾನು ಹೆಚ್ಚಾಗಿ ತರಬೇತಿ ದಿನಕ್ಕೇ ಹೋಗುತ್ತೇನೆ, ಆ ದಿನಕ್ಕೆ ಬೇರೆ ವಿಮೆ ಮಾಡಿಸುತ್ತೇನೆ, ಮಳೆ ಬಂದರೆ ಚಹಾ ಕುಡಿದು ವಾಪಸ್ ಬರುತ್ತೇನೆ. ಹಾಗೆ ಹೋಗಿ ಬಂದ ಮೇಲೆ ರಸ್ತೆಯಲ್ಲಿ ಯಾರು ಹಿಂದೆ ಹಾಕಿ ಹೋದರೂ ನನಗೆ ಏನೂ ಅನಿಸುವುದಿಲ್ಲ. ಅಮ್ಮ ಸ್ವಲ್ಪವೂ ಯೋಚನೆ ಮಾಡಬಾರದು. ನನಗೆ ಏನೂ ಆಗುವುದಿಲ್ಲ, ಸೀಟ್ ಬೆಲ್ಟ್ ಇದೆ, ಏರ್‌ಬ್ಯಾಗ್ ಇದೆ, ಆಂಬುಲೆನ್ಸ್ ಅಲ್ಲೇ ಇರುತ್ತದೆ (ಈ ಆಂಬುಲೆನ್ಸ್ ಮಾತು ಓದಿ ಹೇಳಬೇಡಿ).

ಕಾರು ಮಾರುವ ವಿಷಯ. ತಿಪಟೂರಿನವರಿಗೆ ಏನನ್ನೂ ಮುಚ್ಚಿಡಬೇಡಿ. "ಹೌದು, ಹುಡುಗ ಟ್ರ್ಯಾಕಿಗೆ ಹೋಗ್ತಾನೆ, ಅವನಿಗೆ ಅದು ಇಷ್ಟ" ಅಂತ ಹೇಳಿಬಿಡಿ. ಮದುವೆಗೋಸ್ಕರ ಈಗ ಮಾರಿ, ಆಮೇಲೆ ಮನಸ್ಸಿನಲ್ಲಿ ಇಟ್ಟುಕೊಂಡು ಬದುಕುವುದು ನನಗೆ ಬೇಡ. ಆ ಹುಡುಗಿಗೂ ಅದು ನ್ಯಾಯವಲ್ಲ. ಅವರ ಮನೆಯವರು ಒಪ್ಪಿದರೆ ನನ್ನ ನಂಬರ್ ಕೊಡಿ, ಅವಳೇ ಕೇಳಲಿ, ಕೇಳಿದ್ದಕ್ಕೆಲ್ಲ ಹೇಳುತ್ತೇನೆ. ಬೇಡ ಅಂದರೆ ಅದನ್ನೂ ಅವಳೇ ಹೇಳಲಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಫೋಟೋ ನೋಡಿ ಬೇರೆಯವರು ತೀರ್ಮಾನ ಮಾಡುವುದು ಬೇಡ. ಈ ಒಂದು ವಿಷಯದಲ್ಲಿ ನೀವು ನನ್ನ ಪರ ನಿಲ್ಲಿ ಅಪ್ಪ.

ಪುಟ್ಟಿಯ ಫೀಸಿನ ದುಡ್ಡು ಹಾಕಿದ್ದೇನೆ, ಬಂತಾ ನೋಡಲು ಹೇಳಿ. ಅಮ್ಮನ ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕಾಫಿಗೆ ಮುಂಚೆ. ಚಿಕ್ಕಪ್ಪನ ಜೊತೆ ಜಗಳ ಬೇಡ. ನಾಳೆ ಆರಕ್ಕೇ ಏಳಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ. ಬುಧವಾರ ರಾತ್ರಿ ಫೋನ್ ಮಾಡುತ್ತೇನೆ, ಅಷ್ಟರೊಳಗೆ ಅಮ್ಮನಿಗೆ ಓದಿ ಹೇಳಿರಿ.

ಇಂತಿ ನಿಮ್ಮ ಮಗ