ನಿರ್ಮಲಾ ಮೇಡಂ, ನನ್ನ ತಮ್ಮನಿಗೆ ಪಾಪರ್ ಆಗಲು ಒಂದು ದಾರಿ ಕೊಡಿ

ಕೇಂದ್ರ ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರಗಳ ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು 2016ರಿಂದ ರಾಜ್ಯಸಭೆಯಲ್ಲಿ ಕೂತಿರುವುದು ಕರ್ನಾಟಕದ ಸೀಟಿನಲ್ಲಿ. ಇದನ್ನು ಓದಿ ಹೇಳುವವರು ನಿಮ್ಮ ಆಫೀಸಿನಲ್ಲಿ ಯಾರಾದರೂ ಇರಲೇಬೇಕು ಅಲ್ವಾ?

ವಿಷಯ ನನ್ನ ತಮ್ಮನದು. ತುಮಕೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ನಡೆಯಲಿಲ್ಲ, ಮುಚ್ಚಿದ. ಉಳಿದಿದ್ದು ಸಾಲ. ಎರಡು ಕ್ರೆಡಿಟ್ ಕಾರ್ಡು, ಒಂದು ಪರ್ಸನಲ್ ಲೋನು, ಬೈಕ್ ಲೋನು, ಹೆಂಡತಿಯ ಜೊತೆ ಸೇರಿ ಸಹಿ ಹಾಕಿದ ಫ್ರಿಜ್ಜಿನ ಇಎಂಐ, ಮತ್ತು ನಾನೇ ಜಾಮೀನು ನಿಂತಿರುವ ಒಂದು ಸೊಸೈಟಿ ಸಾಲ. ಎಲ್ಲ ಸೇರಿ ಒಂಬತ್ತು ಲಕ್ಷದ ಹತ್ತಿರ. ಈಗ ಗೋಡೌನಿನಲ್ಲಿ ಕೆಲಸಕ್ಕಿದ್ದಾನೆ, 16 ಸಾವಿರ ಸಂಬಳ. ಕೊಡಲ್ಲ ಅಂತ ಅವನು ಹೇಳುತ್ತಿಲ್ಲ. ಎಲ್ಲರನ್ನೂ ಒಂದು ಕಡೆ ಕೂರಿಸಿ, ಇಷ್ಟಿದೆ, ಇಷ್ಟನ್ನು ಹಂಚಿಕೊಳ್ಳಿ, ಉಳಿದದ್ದಕ್ಕೆ ಒಂದು ಕೊನೆ ಅಂತ ಹೇಳುವ ಜಾಗ ಎಲ್ಲಿದೆ ಅಂತ ಕೇಳುತ್ತಿದ್ದಾನೆ. ಅಂಥ ಜಾಗ ಇಲ್ಲದ್ದರಿಂದ ಒಬ್ಬರಿಗೆ ಕಂತು ಕಟ್ಟಿದರೆ ಇನ್ನೊಬ್ಬರ ಚೆಕ್ ಬೌನ್ಸ್ ಆಗುತ್ತದೆ, ಅದನ್ನು ಸರಿ ಮಾಡುವಷ್ಟರಲ್ಲಿ ಕಾರ್ಡಿನ ಬಡ್ಡಿ ಮತ್ತೆ ಏರಿರುತ್ತದೆ.

ನಮ್ಮ ಕಡೆ 'ಪಾಪರ್ ಚೀಟಿ' ಅನ್ನುವ ಮಾತಿದೆ. ಬೈಗುಳದ ಹಾಗೆ ಬಳಸುತ್ತೇವೆ. ಅದು ನಿಜವಾಗಿ ಸಿಗುತ್ತದಾ ಅಂತ ಕೇಳಲು ಒಬ್ಬ ವಕೀಲರ ಹತ್ತಿರ ಹೋದೆವು. ಅವರು ಮೊದಲು ನಕ್ಕರು. ಆಮೇಲೆ ಹೇಳಿದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಬಗ್ಗೆ. ಹೌದು ಮೇಡಂ, ಬ್ರಿಟಿಷರ ಕಾಲದ್ದು, ಇವತ್ತಿಗೂ ನಮಗೆ ಅದೇ. 500 ರೂಪಾಯಿ ಸಾಲ ಇದ್ದರೂ ಅರ್ಜಿ ಹಾಕಬಹುದಂತೆ. ಜಿಲ್ಲಾ ಕೋರ್ಟು ದಿವಾಳಿ ಅಂತ ಘೋಷಿಸಿದ ಮೇಲೆ ಅವನ ಆಸ್ತಿಯೆಲ್ಲ ಕೋರ್ಟಿನ ಕೈಗೆ. ಕಾರ್ಡಿನವರಾಗಲಿ ಪರ್ಸನಲ್ ಲೋನಿನವರಾಗಲಿ ಕೋರ್ಟಿನ ಅನುಮತಿ ಇಲ್ಲದೆ ಹೊಸ ದಾವೆ ಹೂಡುವ ಹಾಗಿಲ್ಲ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಸಾಲದ ಒಪ್ಪಂದ ಅಷ್ಟಕ್ಕೇ ಹರಿದುಹೋಗುವುದಿಲ್ಲ. ಸಾಲದಿಂದ ಬಿಡುಗಡೆ ಕೇಳಿದಾಗ, ಅಡವಿಲ್ಲದ ಸಾಲದ ಪ್ರತಿ ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿ ಇದೆಯಾ ಅಂತ ಕೋರ್ಟು ನೋಡುತ್ತದೆ. ಇಲ್ಲದಿದ್ದರೆ, ಇದು ನನ್ನ ತಪ್ಪಿನಿಂದ ಆದದ್ದಲ್ಲ ಅಂತ ಅವನೇ ಕೋರ್ಟನ್ನು ಒಪ್ಪಿಸಬೇಕು. ಎಂಟಾಣೆ ಕೈಯಲ್ಲಿದ್ದಿದ್ದರೆ ವಕೀಲರ ಮೆಟ್ಟಿಲು ಯಾಕೆ ಹತ್ತುತ್ತಿದ್ದ?

ಬೈಕ್ ಲೋನಿನವರಿಗೆ ಇದು ಯಾವುದೂ ಲೆಕ್ಕಕ್ಕಿಲ್ಲ, ವಸ್ತು ಅಡವಿಟ್ಟುಕೊಂಡವರು ಅದನ್ನು ಒಯ್ಯಬಹುದು. ಇನ್ನು ಜಾಮೀನುದಾರ? ಸಾಲಗಾರನಿಗೆ ಬಿಡುಗಡೆ ಸಿಕ್ಕರೂ ಜಾಮೀನು ನಿಂತವನಿಗೆ, ಜೊತೆಗೆ ಸಹಿ ಹಾಕಿದವರಿಗೆ ಬಿಡುಗಡೆ ಇಲ್ಲ. ಅಂದರೆ ನಾನು ಮತ್ತು ಅವನ ಹೆಂಡತಿ. ಅಲ್ಲಿವರೆಗೂ ತಮ್ಮನ ಕೇಸಿಗೆ ಬಂದ ಅಣ್ಣನಾಗಿ ಕೂತಿದ್ದೆ, ಅಲ್ಲಿಂದ ಮುಂದೆ ನಾನೂ ಕಕ್ಷಿದಾರ.

ಹೊಸ ಕಾನೂನು ಇಲ್ಲದೆ ಇಲ್ಲ, ಅದೇ ಬೇಜಾರು. 2016ರ ದಿವಾಳಿ ಸಂಹಿತೆಯ ಮೂರನೇ ಭಾಗ ಪೂರ್ತಿ ನಮ್ಮಂಥ ವ್ಯಕ್ತಿಗಳಿಗೆ ಅಂತಲೇ ಬರೆದದ್ದು. ಅರ್ಜಿ ಹಾಕಿದರೆ ವಸೂಲಿಗೆ ತಡೆ, ಸಾಲ ಕೊಟ್ಟವರೆಲ್ಲ ಕೂತು ಮರುಪಾವತಿ ಯೋಜನೆ, ಅದು ಆಗದಿದ್ದರೆ ದಿವಾಳಿ, ದಿವಾಳಿಯಾದ ಒಂದು ವರ್ಷಕ್ಕೆ ಬಿಡುಗಡೆ. ಜೀವನಾಂಶ, ಕೋರ್ಟಿನ ದಂಡ, ಶಿಕ್ಷಣ ಸಾಲ ಇಂಥವು ಮಾತ್ರ ಹೋಗುವುದಿಲ್ಲ. ಮೋಸ ಮಾಡಿದವನಿಗೂ ರಿಯಾಯಿತಿ ಇಲ್ಲ. ಆದರೆ ಈ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿ ಮಾಡಿದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಅದು ಅವರಿಗೆ ಉಪಕಾರ ಮಾಡಲು ಅಲ್ಲ, ಬ್ಯಾಂಕುಗಳು ಅವರ ಬೆನ್ನು ಹತ್ತಲಿ ಅಂತ, ಅದು ನನಗೂ ಗೊತ್ತು. ತಮಗೆ ಬೇಕಾದಾಗ ಬ್ಯಾಂಕುಗಳಿಗೆ ಈ ದಾರಿ ಚೆನ್ನಾಗಿಯೇ ಗೊತ್ತಿದೆ. 2021ರ ಜುಲೈನಲ್ಲಿ ವಿಜಯ್ ಮಲ್ಯ ಅವರನ್ನು ಲಂಡನ್ನಿನ ಹೈಕೋರ್ಟು ದಿವಾಳಿ ಅಂತ ಘೋಷಿಸಿದ್ದು ಎಸ್‌ಬಿಐ ಮುಂದಾಳತ್ವದ ನಮ್ಮ ಬ್ಯಾಂಕುಗಳ ಅರ್ಜಿಯ ಮೇಲೆಯೇ.

ಸುಮ್ನೆ ಜಾರಿ ಮಾಡಿದರೂ ಸಾಲದು, ಅಂಕಿಗಳನ್ನೂ ನೋಡಿ. ಬಡವರಿಗೆ ಅಂತ ಅದೇ ಸಂಹಿತೆಯಲ್ಲಿ ಸಣ್ಣ ಸಾಲದಿಂದ ಬಿಡುಗಡೆ ಕೊಡುವ 'ಹೊಸ ಆರಂಭ' ಅನ್ನುವ ದಾರಿ ಇಟ್ಟಿದ್ದೀರಿ. ವರ್ಷದ ಆದಾಯ 60 ಸಾವಿರ ಮೀರಬಾರದು, ಆಸ್ತಿ 20 ಸಾವಿರ ಮೀರಬಾರದು, ಸಾಲ 35 ಸಾವಿರ ಮೀರಬಾರದು, ಸ್ವಂತ ಮನೆ ಇರಲೇಬಾರದು. ತಿಂಗಳಿಗೆ ಐದು ಸಾವಿರ! ಅಷ್ಟು ದುಡಿಯುವವನಿಗೆ ಕಾರ್ಡು ಕೊಟ್ಟ ಬ್ಯಾಂಕು ಯಾವುದು ಅಂತ ಹೇಳಿ, ನೋಡಿಕೊಂಡು ಬರುತ್ತೇನೆ.

ಇನ್ನೊಂದು ಮಾತು. ಹೊಸ ಕಾನೂನಿನಲ್ಲಿ ಇಂಥ ಅರ್ಜಿ ಹೋಗುವುದು ಸಾಲ ವಸೂಲಾತಿ ನ್ಯಾಯಮಂಡಳಿಗೆ. ಇಡೀ ರಾಜ್ಯಕ್ಕೆ ಅದು ಇರುವುದು ಬೆಂಗಳೂರಿನಲ್ಲಿ. ಬೀದರಿನವನು ಪಾಪರ್ ಆಗುವುದಕ್ಕೂ ಬಸ್ ಚಾರ್ಜಿಗೆ ಸಾಲ ಮಾಡಬೇಕು. ಈ ವಿಷಯದಲ್ಲಿ ಮಾತ್ರ 1920ರ ಕಾಯ್ದೆಯೇ ವಾಸಿ, ಕೋರ್ಟು ನಮ್ಮ ಜಿಲ್ಲೆಯಲ್ಲೇ ಇದೆ.

ರಾಜ್ಯ ಸರ್ಕಾರಕ್ಕೆ ಬರೆಯಿರಿ ಅನ್ನಬೇಡಿ. 2025ರಲ್ಲಿ ಅವರು ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಕಾನೂನು ತಂದರು, 10 ವರ್ಷದವರೆಗೆ ಜೈಲು ಅಂತ ಬರೆದರು, ಒಳ್ಳೆಯದೇ. ಮನೆ ಮುಂದೆ ನಿಂತು ಕೂಗಾಡುವವರಿಗೆ ಅದು ಬೇಕು. ಆದರೆ ಬ್ಯಾಂಕಿನ ಸಾಲದ ಒಪ್ಪಂದವನ್ನು ಮುಗಿಸಿಕೊಡುವ ಕಾನೂನು ಅದಲ್ಲ. ಅಂಥ ಕಾನೂನು ನಿಮ್ಮ ಇಲಾಖೆಯಲ್ಲೇ ಇದೆ, ಅಧಿಸೂಚನೆಗೆ ಕಾಯುತ್ತಾ ಕೂತಿದೆ.

ಹೀಗೆ ಮಾಡಿದರೆ ಎಲ್ಲರೂ ಸಾಲ ಮಾಡಿ ಕೈ ಎತ್ತುತ್ತಾರೆ ಅಂತ ನಿಮಗೆ ಯಾರೋ ಹೇಳಿರುತ್ತಾರೆ. ಇದ್ದಬದ್ದ ಆಸ್ತಿಯನ್ನು ದಿವಾಳಿಯಾದವನ ಆಸ್ತಿ ನೋಡಿಕೊಳ್ಳುವ ಟ್ರಸ್ಟಿಯ ಕೈಗೆ ಕೊಟ್ಟು, ಸರ್ಕಾರಿ ಕೆಲಸಕ್ಕೂ ಚುನಾವಣೆಗೂ ಅನರ್ಹ ಅನ್ನಿಸಿಕೊಂಡು, ಊರಲ್ಲಿ ಪಾಪರ್ ಅನ್ನಿಸಿಕೊಂಡು ಬದುಕುವುದು ಯಾರಿಗೂ ಖುಷಿ ಕೊಡುವ ಕೆಲಸ ಅಲ್ಲ ಮೇಡಂ. ಮದುವೆಯಾಗದ ತಂಗಿ ಇರುವ ಮನೆಯವರನ್ನು ಕೇಳಿ.

ಹೋದ ತಿಂಗಳು ಬೈಕ್ ಒಯ್ದರು. ಹರಾಜು ಹಾಕಿದರಂತೆ. ಬಂದ ದುಡ್ಡು ಕಳೆದು ಇನ್ನೂ 31 ಸಾವಿರ ಬಾಕಿ ಅಂತ ಮೊನ್ನೆ ನೋಟಿಸು ಬಂದಿದೆ. ಬೈಕೂ ಇಲ್ಲ, ಸಾಲವೂ ಮುಗಿದಿಲ್ಲ. ಈಗ ಗೋಡೌನಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾನೆ. ಮೂರನೇ ಭಾಗ ನಮ್ಮಂಥವರಿಗೆ ಯಾವತ್ತು ಜಾರಿಯಾಗುತ್ತದೆ, ತಾರೀಖು ಒಂದು ಹೇಳಿ.

ಇಂತಿ,
ಸೊಸೈಟಿ ಸಾಲಕ್ಕೆ ಜಾಮೀನು ನಿಂತ ಅಣ್ಣ,
ತುಮಕೂರು