‘ಫ್ರೀ’ ಕಾಲಂ ನೋಡಬೇಡ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಲಿನಕ್ಸ್ ಸರ್ವರಿನ ಮೆಮೊರಿ ಮೇಲೆ ಕಣ್ಣಿಡಲು ನೀನು ಬರೆದು ಕಳುಹಿಸಿದ ಸ್ಕ್ರಿಪ್ಟ್ ಓದಿದೆ. ಬ್ಯಾಕಪ್ ನಡೆಯುವ ಹೊತ್ತಿಗೆ ಸರಿಯಾಗಿ ‘ಮೆಮೊರಿ ಶೇ. 96 ತುಂಬಿದೆ’ ಎಂದು ಅದು ಬೊಬ್ಬೆ ಹೊಡೆಯುತ್ತದೆ ಎಂದಿದ್ದೀಯಲ್ಲ, ಗುಟ್ಟು ಇರುವುದು ಅಲ್ಲಿಯೇ. ಸರ್ವರನ್ನು ಬೈಯಬೇಡ, ರ‍್ಯಾಮ್ ಕೊಳ್ಳಲು ಅರ್ಜಿಯನ್ನೂ ಹಾಕಬೇಡ.

ಲಿನಕ್ಸ್‌ಗೆ ಮೆಮೊರಿಯನ್ನು ಖಾಲಿ ಬಿಟ್ಟು ಗೊತ್ತಿಲ್ಲ. ಡಿಸ್ಕ್‌ನಿಂದ ಓದಿದ್ದನ್ನೆಲ್ಲ, ಮತ್ತೆ ಬೇಕಾದೀತೆಂದು, ಮೆಮೊರಿಯಲ್ಲಿನ ತಾತ್ಕಾಲಿಕ ದಾಸ್ತಾನಾದ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದರೆ ತಕರಾರಿಲ್ಲದೆ ಬಿಟ್ಟುಕೊಡುತ್ತದೆ. ಬ್ಯಾಕಪ್ ಎಂದರೆ ಎಲ್ಲ ಫೈಲುಗಳನ್ನೂ ಓದುವುದು ತಾನೆ? ಕ್ಯಾಶ್ ಉಬ್ಬುತ್ತದೆ, ಖಾಲಿ ಜಾಗ ತೋರಿಸುವ ‘ಫ್ರೀ’ ಕಾಲಂ ಸೊರಗುತ್ತದೆ, ನಿನ್ನ ಸ್ಕ್ರಿಪ್ಟ್ ಗಾಬರಿಬೀಳುತ್ತದೆ. ಪತ್ರದಲ್ಲಿ ನೀನೇ ಅಂಟಿಸಿದ ಮೆಮೊರಿ ಲೆಕ್ಕದ ಸಾಲು ನೋಡು: ಒಟ್ಟು 16 ಜಿಬಿ, ಫ್ರೀ 600 ಎಂಬಿ, ಕೊನೆಯ ಕಾಲಂ ‘ಅವೈಲಬಲ್’ (ಕೇಳಿದರೆ ಸಿಗುವುದು) 11 ಜಿಬಿ. ಹನ್ನೊಂದು ಜಿಬಿ ಕೈಯಲ್ಲಿಟ್ಟುಕೊಂಡು ಬಡತನ ಹೇಳಿಕೊಳ್ಳುವುದೇ!

ಫ್ರೀ ಮತ್ತು ಕ್ಯಾಶ್ ಎರಡನ್ನೂ ಕೂಡಿಸಿಬಿಡೋಣ ಎನ್ನಬೇಡ. ಹಿಂದೆ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಆದರೆ ಫೈಲುಗಳನ್ನು ಮೆಮೊರಿಯಲ್ಲೇ ಇಡುವ ಟಿಎಂಪಿಎಫ್ಎಸ್‌ನಲ್ಲಿರುವ ಫೈಲುಗಳೂ ಕ್ಯಾಶ್ ಲೆಕ್ಕಕ್ಕೇ ಸೇರುತ್ತವೆ, ಅವನ್ನು ಹಾಗೆಲ್ಲ ಎಸೆಯಲಾಗದು. ನಿಜಕ್ಕೂ ಎಷ್ಟು ಮೆಮೊರಿ ಸಿಕ್ಕೀತು ಎಂಬ ಅಂದಾಜನ್ನು 2014ರ ಕರ್ನಲ್ (ಲಿನಕ್ಸ್‌ನ ತಿರುಳು) 3.14ರಿಂದ ಕರ್ನಲ್ಲೇ ಹಾಕಿ, ಪ್ರಾಕ್ ಫೋಲ್ಡರಿನ ಮೆಮ್‌ಇನ್ಫೋ ಫೈಲಿನಲ್ಲಿ ‘ಮೆಮ್‌ಅವೈಲಬಲ್’ ಎಂಬ ಸಾಲಿನಲ್ಲಿ ಕೊಡುತ್ತದೆ. ಆ ಸಾಲನ್ನು ಹೆಸರು ಹಿಡಿದು ಹುಡುಕು, ಎಷ್ಟನೆಯ ಸಾಲು ಎಂದು ಎಣಿಸಬೇಡ. ಅಲ್ಲಿನ ಕೆಬಿ ಎಂದರೆ 1024 ಬೈಟ್. ಪೈಥಾನ್‌ನಲ್ಲಿ ಬರೆಯುವುದಾದರೆ ಇದನ್ನು ಓದಿಕೊಡುವ ಲೈಬ್ರರಿ ಪಿಎಸ್‌ಯುಟಿಲ್ ಇದೆ, ತಲೆನೋವಿಲ್ಲ.

ಒಂದೊಂದು ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಎಂಬುದಕ್ಕೆ, ಅದು ರ‍್ಯಾಮ್‌ನಲ್ಲಿ ಹಿಡಿದ ಜಾಗ ಹೇಳುವ ಆರ್‌ಎಸ್‌ಎಸ್ ಅಂಕಿಗಳನ್ನು ಕೂಡಿಸಿದ್ದೀಯ. ಹಲವು ಪ್ರೋಗ್ರಾಂಗಳು ಹಂಚಿಕೊಂಡ ಲೈಬ್ರರಿ (ಸಿದ್ಧ ಕೋಡ್) ಪ್ರತಿಯೊಂದರ ಹೆಸರಿನಲ್ಲೂ ಪೂರ್ತಿ ಬರುವುದರಿಂದ ಆ ಮೊತ್ತ ನಿಜಕ್ಕಿಂತ ದೊಡ್ಡದು. ಕೂಡಿಸಲೇಬೇಕೆಂದರೆ ಪಿಎಸ್‌ಎಸ್ ತೆಗೆದುಕೋ. ಹಂಚಿಕೊಂಡದ್ದನ್ನು ಅದು ಪಾಲು ಹಾಕಿ ಹೇಳುತ್ತದೆ. ತುಸು ನಿಧಾನ, ಹಾಗಾಗಿ ಕ್ಷಣಕ್ಕೊಮ್ಮೆ ಓಡಿಸಬೇಡ.

ಇದನ್ನೇ ಕಂಟೇನರ್ (ಒಂದೇ ಯಂತ್ರದೊಳಗೆ ಪ್ರೋಗ್ರಾಂಗಳಿಗೆ ಮಾಡಿಕೊಟ್ಟ ಪ್ರತ್ಯೇಕ ಆವರಣ) ಒಳಗೆ ಓಡಿಸುವ ಯೋಚನೆಯಿದ್ದರೆ ಎಚ್ಚರ: ಸಾಮಾನ್ಯವಾಗಿ ಅಲ್ಲಿನ ಮೆಮ್‌ಇನ್ಫೋ ಇಡೀ ಯಂತ್ರದ ಲೆಕ್ಕ ಹೇಳುತ್ತದೆ, ಕಂಟೇನರ್‌ನ ಮಿತಿಯನ್ನಲ್ಲ. ಮಿತಿ ಬೇಕಾದರೆ, ಅದನ್ನು ಹೇರುವ ಕರ್ನಲ್ ವ್ಯವಸ್ಥೆಯಾದ ಸಿಗ್ರೂಪ್‌ನ ಫೈಲುಗಳನ್ನು ನೋಡಬೇಕು.

ಇನ್ನೊಂದು ಮಾತು. ಎಚ್ಚರಿಕೆಯ ಸಂದೇಶದೊಳಗೇ ಆ ಹೊತ್ತಿನಲ್ಲಿ ಹೆಚ್ಚು ಮೆಮೊರಿ ಹಿಡಿದ ನಾಲ್ಕೈದು ಪ್ರೋಗ್ರಾಂಗಳ ಹೆಸರನ್ನೂ ಸೇರಿಸು. ಮೆಮೊರಿ ನಿಜಕ್ಕೂ ತೀರಿದ್ದರೆ, ನೀನು ಎದ್ದು ಲಾಗಿನ್ ಆಗುವಷ್ಟರಲ್ಲಿ ಕರ್ನಲ್ ಅವುಗಳಲ್ಲೊಂದನ್ನು ಮುಗಿಸಿಬಿಟ್ಟಿರಬಹುದು. ತಿದ್ದಿದ ಸ್ಕ್ರಿಪ್ಟ್ ಕಳುಹಿಸು, ನೋಡುತ್ತೇನೆ.

ಇಂತಿ ನಿನ್ನ ಗೆಳೆಯ